ಡಿಸ್ಟಾರ್ಷನ್ ಹಾಕಿದೊಡನೆ ಪೂರ್ಣ ಕಾರ್ಡ್ ಏಕೆ ಕಲಸಿಹೋಗುತ್ತದೆ?

ಪ್ರಶ್ನೆ: ಎಲೆಕ್ಟ್ರಿಕ್ ಗಿಟಾರಿನಲ್ಲಿ ಇಂಪಾಗಿ ಕೇಳುವ ಜಿ ಮೇಜರ್ ಕಾರ್ಡ್ (ಜಿ, ಬಿ, ಡಿ ಸ್ವರಗಳನ್ನು ಒಟ್ಟಿಗೆ ನುಡಿಸುವ ಗುಚ್ಛ), ಡಿಸ್ಟಾರ್ಷನ್ ಪೆಡಲ್ ಒತ್ತಿದ ಕೂಡಲೇ ಬರಿಯ ಗದ್ದಲವಾಗುತ್ತದೆ. ಪವರ್ ಕಾರ್ಡ್ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಕಾರಣವೇನು?

ಉತ್ತರ: ಪವರ್ ಕಾರ್ಡಿನಲ್ಲಿರುವುದು ಷಡ್ಜ, ಪಂಚಮಗಳೆರಡೇ, ಬೇಕೆನಿಸಿದರೆ ಮೇಲಿನ ಷಡ್ಜವನ್ನೂ ಸೇರಿಸಿಕೊಳ್ಳುತ್ತಾರೆ. ಕಾರ್ಡಿಗೆ ಮೇಜರ್ ಅಥವಾ ಮೈನರ್ ಎಂಬ ಗುರುತು ಕೊಡುವ ಗಾಂಧಾರ ಅದರಲ್ಲಿಲ್ಲ. ತೊಡಕು ಹುಟ್ಟುವುದು ಈ ಗಾಂಧಾರದಿಂದಲೇ.

ಸಂಕೇತವನ್ನು ಆಂಪ್ಲಿಫೈಯರ್ ತಾಳಲಾರದಷ್ಟು ಹಿಗ್ಗಿಸಿ, ಅಲೆಯ ತುದಿಗಳು ಕತ್ತರಿಸಿಹೋಗುವಂತೆ ಮಾಡುವುದೇ ಡಿಸ್ಟಾರ್ಷನ್. 1964ರಲ್ಲಿ ಬ್ರಿಟನ್ನಿನ ಕಿಂಕ್ಸ್ ರಾಕ್ ತಂಡದ ಗಿಟಾರ್ ವಾದಕ ಡೇವ್ ಡೇವಿಸ್ ಇಂಥ ನಾದಕ್ಕಾಗಿ ಸ್ಪೀಕರಿನ ಹಾಳೆಯನ್ನೇ ಬ್ಲೇಡಿನಿಂದ ಸೀಳಿದ್ದರು. ಹೀಗೆ ಅಲೆ ವಿಕಾರಗೊಂಡಾಗ, ಒಟ್ಟಿಗೆ ನುಡಿಯುವ ಸ್ವರಗಳ ಆವರ್ತನಗಳನ್ನು ಕೂಡಿದರೆ ಮತ್ತು ಕಳೆದರೆ ಬರುವ, ನಾವು ನುಡಿಸಿಯೇ ಇರದ ಸ್ವರಗಳೂ ಕೇಳತೊಡಗುತ್ತವೆ. ಆರನೆಯ ತಂತಿಯ ಜಿ ಸ್ವರ 98 ಹರ್ಟ್ಸ್, ಅದರ ಪಂಚಮವಾದ ಡಿ ಸುಮಾರು 147. ಇವೆರಡರ ವ್ಯತ್ಯಾಸ 49, ಅಂದರೆ ಒಂದು ಸ್ಥಾಯಿ ಕೆಳಗಿನ ಜಿ. ಪವರ್ ಕಾರ್ಡಿನ ತೂಕ ಬರುವುದು ಇಲ್ಲಿಂದ. ಮೊತ್ತವಾದ 245 ಹರ್ಟ್ಸ್ ಮೇಜರ್ ಕಾರ್ಡಿನ ಗಾಂಧಾರವಾದ ಶುದ್ಧ ಅಂತರ ಗಾಂಧಾರದ ಸ್ಥಾನವೇ ಆಗಿರುವುದು ಸ್ವಾರಸ್ಯಕರ: ನಾವು ಕೈಬಿಟ್ಟ ಸ್ವರ ತಾನಾಗಿಯೇ ಒಳಬರುತ್ತದೆ.

ನಡುವೆ ಗಾಂಧಾರವಾದ 123.5 ಹರ್ಟ್ಸಿನ ಬಿ ಸ್ವರವನ್ನು ಸೇರಿಸಿದರೆ, ಜಿ–ಬಿ ವ್ಯತ್ಯಾಸ 25.5, ಬಿ–ಡಿ ವ್ಯತ್ಯಾಸ 23.4 ಆಗುತ್ತದೆ. ಸ್ವರಗಳು ಸರಳ ಅನುಪಾತದಲ್ಲಿರುವ ಶುದ್ಧ ಶ್ರುತಿಯಲ್ಲಿ ಇವೆರಡೂ ಸಮನಾಗಿರಬೇಕಿತ್ತು. ಆದರೆ ಗಿಟಾರಿನ ಕತ್ತಿನ ಮೇಲಿರುವ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡುವುದರಿಂದ ಪಂಚಮ ಕೇವಲ 2 ಸೆಂಟ್ (ಆ ಒಂದು ಪಾಲಿನ ನೂರನೇ ಒಂದು ಭಾಗವೇ ಸೆಂಟ್) ತಗ್ಗಿದರೆ, ಗಾಂಧಾರ ಸುಮಾರು 14 ಸೆಂಟ್ ಏರುತ್ತದೆ. 23–25 ಹರ್ಟ್ಸಿನಷ್ಟು ಕೆಳಗಿನ, ಒಂದಕ್ಕೊಂದು ಹೊಂದದ ಈ ಕಂಪನಗಳು ಸ್ವರವಾಗಿ ಕೇಳದೆ ಗೊರಗೊರ ಎನ್ನುತ್ತವೆ. ಮೇಲಿನ ಸ್ಥಾಯಿಗಳಲ್ಲೂ ಹೀಗೆಯೇ ಹೊಂದದ ಜೋಡಿಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ.

ನುಡಿಸುವ ಕ್ರಮ ಸರಳ: ಆರನೆಯ ತಂತಿಯ ಮೂರನೇ ಫ್ರೆಟ್ಟಿನಲ್ಲಿ ತೋರುಬೆರಳು, ಐದನೆಯ ಮತ್ತು ನಾಲ್ಕನೆಯ ತಂತಿಗಳ ಐದನೇ ಫ್ರೆಟ್ಟಿನಲ್ಲಿ ಉಂಗುರಬೆರಳು, ಕಿರುಬೆರಳು. ಕಷ್ಟವಿರುವುದು ಉಳಿದ ತಂತಿಗಳನ್ನು ಸುಮ್ಮನಿರಿಸುವುದರಲ್ಲಿ. ಡಿಸ್ಟಾರ್ಷನ್ ಸಣ್ಣ ಸದ್ದನ್ನೂ ಎತ್ತಿ ಕೇಳಿಸುವುದರಿಂದ, ತೋರುಬೆರಳಿನ ಒಳಭಾಗ ತೆಳುತಂತಿಗಳನ್ನು ಒತ್ತದೆ, ಸವರಿದಂತೆ ತಾಗಿಕೊಂಡಿರಬೇಕು. ಹೊಸಬರು ಒತ್ತುವುದನ್ನು ಅಭ್ಯಾಸ ಮಾಡಿದಷ್ಟು ಇದನ್ನು ಮಾಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಗಾಂಧಾರ ಬೇಕೇ ಬೇಕೆಂದಿದ್ದರೆ ಅದನ್ನು ಒಂದು ಸ್ಥಾಯಿ ಮೇಲೆ, ಮೂರನೆಯ ತಂತಿಯ ನಾಲ್ಕನೇ ಫ್ರೆಟ್ಟಿನಲ್ಲಿ ಹಿಡಿದು, ಆರನೆಯ ತಂತಿಯ ಜಿ ಜೊತೆಗಷ್ಟೇ ನುಡಿಸಿ. ಅಥವಾ ಗಿಟಾರಿನ ವಾಲ್ಯೂಮ್ ಗುಂಡಿಯನ್ನು ತಗ್ಗಿಸಿ ಡಿಸ್ಟಾರ್ಷನ್ ಹಗುರಾದ ಮೇಲೆ ಪೂರ್ಣ ಕಾರ್ಡ್ ಹಿಡಿಯಿರಿ.