ಸಾಲಿನ ನಡುವೆ ನಿಂತಿದ್ದವರು ಎಲ್ಲಿ ಹೋದರು?

2008ರಲ್ಲಿ ಅಮೆರಿಕದ ಸೌತ್ ಕೆರೊಲಿನಾದಲ್ಲಿ ನಡೆದ ರಿಪಬ್ಲಿಕನ್ ಪ್ರೈಮರಿಯನ್ನು ಜಾನ್ ಮೆಕೇನ್ ಗೆದ್ದರು. ಅವರಿಗೆ ಬಿದ್ದದ್ದು ಸುಮಾರು ಶೇ 33 ಮತ. 2016ರಲ್ಲಿ ಅದೇ ರಾಜ್ಯವನ್ನು ಡೊನಾಲ್ಡ್ ಟ್ರಂಪ್ ಶೇ 32.5 ಮತ ಪಡೆದು ಗೆದ್ದರು. ಎರಡು ಸಲವೂ ಮೂರರಲ್ಲಿ ಒಂದು ಪಾಲು ಸಾಕಾಯಿತು. ಆದರೆ ಒಬ್ಬರು ಪಕ್ಷದ ಮಧ್ಯಮವಾದಿಗಳು ಒಪ್ಪಿದ ವ್ಯಕ್ತಿ, ಇನ್ನೊಬ್ಬರು ಅವರನ್ನು ಎದುರು ಹಾಕಿಕೊಂಡೇ ಬಂದವರು.

ಇದು ಹೇಗೆ ಸಾಧ್ಯ?

ಮೊದಲು ಪ್ರೈಮರಿ ಅಂದರೇನು ನೋಡೋಣ. ನಮ್ಮಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್. ಅಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಮತದಾರರೇ ರಾಜ್ಯ ರಾಜ್ಯದಲ್ಲೂ ಮತ ಹಾಕಿ ತೀರ್ಮಾನಿಸುತ್ತಾರೆ. 1972ರಿಂದ ಈಚೆಗೆ ಈ ಪದ್ಧತಿಯೇ ನಿರ್ಣಾಯಕ. ಅದಕ್ಕೂ ಮುಂಚೆ ಪಕ್ಷದ ಹಿರಿಯರ ಮಾತು ಜಾಸ್ತಿ ನಡೆಯುತ್ತಿತ್ತು.

ಈಗ ನೂರು ಮತದಾರರನ್ನು ಅವರವರ ಒಲವಿನ ಪ್ರಕಾರ ಎಡದಿಂದ ಬಲಕ್ಕೆ ಸಾಲಾಗಿ ನಿಲ್ಲಿಸಿ. ಸ್ಪರ್ಧಿಗಳು ಇಬ್ಬರೇ ಇದ್ದು, ಪ್ರತಿಯೊಬ್ಬರೂ ತಮಗೆ ಹತ್ತಿರದವರಿಗೆ ಮತ ಹಾಕಿದರೆ, ಸಾಲಿನ ನಟ್ಟನಡುವೆ ಇರುವವರು ಯಾರ ಕಡೆಗೋ ಗೆಲುವು ಅವರದ್ದು. 1948ರಲ್ಲಿ ಡಂಕನ್ ಬ್ಲ್ಯಾಕ್ ಎಂಬ ಅರ್ಥಶಾಸ್ತ್ರಜ್ಞ ಇದನ್ನು ಗಣಿತವಾಗಿ ವಿವರಿಸಿದರು. ಆದರೆ ರಿಪಬ್ಲಿಕನ್ ಪ್ರೈಮರಿಗೆ ಬರುವುದು ಬಹುಪಾಲು ಬಲಗಡೆಯ ಐವತ್ತು ಜನ. ಹಾಗಾಗಿ ನಡುವಿನ ಜಾಗ ಐವತ್ತರಿಂದ ಎಪ್ಪತ್ತೈದರ ಹತ್ತಿರಕ್ಕೆ ಜರುಗುತ್ತದೆ. ಅವರಲ್ಲೂ ಮತಗಟ್ಟೆಗೆ ತಪ್ಪದೆ ಬರುವವರು ರಾಜಕೀಯವನ್ನು ತೀರಾ ಹಚ್ಚಿಕೊಂಡವರು.

ಸ್ಪರ್ಧಿಗಳು ಐದಾರು ಜನರಾದರೆ ಬ್ಲ್ಯಾಕ್ ಹೇಳಿದ ನಿಯಮವೇ ಮುರಿಯುತ್ತದೆ. 2008ರಲ್ಲಿ ಸಂಪ್ರದಾಯವಾದಿಗಳ ಮತ ಹಕಬಿ, ಥಾಮ್ಸನ್, ರಾಮ್ನಿ ನಡುವೆ ಹಂಚಿಹೋಯಿತು. ಮೆಕೇನ್ ನುಸುಳಿಕೊಂಡು ಹೋದರು. 2016ರಲ್ಲಿ ಹಂಚಿಹೋದದ್ದು ಟ್ರಂಪ್ ಬೇಡ ಎಂದವರ ಮತ. ರೂಬಿಯೊ, ಕ್ರೂಜ್, ಬುಷ್, ಕೇಸಿಕ್ ಎಲ್ಲರೂ ಪಾಲು ಹಿಡಿದರು. ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ಪಕ್ಷದ ಸಮಾವೇಶಕ್ಕೆ ಪ್ರತಿ ರಾಜ್ಯದಿಂದ ಪ್ರತಿನಿಧಿಗಳು ಹೋಗುತ್ತಾರೆ. ಮೂರನೇ ಒಂದು ಪಾಲಿನ ಮತಕ್ಕೆ ಆ ರಾಜ್ಯದ 50 ಪ್ರತಿನಿಧಿಗಳೂ ಟ್ರಂಪ್‌ಗೆ ಸಿಕ್ಕರು.

ಹಾಗಾದರೆ ಎಲ್ಲಾ ತಪ್ಪೂ ಮತ ಹಂಚಿಕೆಯದ್ದೇ? ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. 2024 ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿತು. ಸೌತ್ ಕೆರೊಲಿನಾದ ಹೊತ್ತಿಗೆ ಟ್ರಂಪ್ ಎದುರು ಲೆಕ್ಕಕ್ಕೆ ಉಳಿದದ್ದು ನಿಕ್ಕಿ ಹೇಲಿ ಒಬ್ಬರೇ. ಅದು ಅವರ ತವರು ರಾಜ್ಯ, ಅಲ್ಲಿ ಗವರ್ನರ್ ಆಗಿದ್ದವರು. ಆದರೂ ಟ್ರಂಪ್ ಸುಮಾರು ಶೇ 60 ಮತ ಪಡೆದರು. ಹಂಚಿಕೊಳ್ಳುವವರು ಇಲ್ಲದಿದ್ದರೂ ಫಲಿತಾಂಶ ಬದಲಾಗಲಿಲ್ಲ. ಅಂದರೆ ಬದಲಾದದ್ದು ಸಾಲಿನಲ್ಲಿ ನಿಂತ ಜನ.

ಅಮೆರಿಕದ ಗ್ಯಾಲಪ್ ಸಂಸ್ಥೆಯ ಸಮೀಕ್ಷೆ ಇದನ್ನೇ ಹೇಳುತ್ತದೆ. 1994ರಲ್ಲಿ ರಿಪಬ್ಲಿಕನ್ನರಲ್ಲಿ ಸುಮಾರು ಮೂರನೇ ಒಂದು ಪಾಲು ಜನ ತಮ್ಮನ್ನು ಮಧ್ಯಮವಾದಿಗಳು ಎಂದು ಕರೆದುಕೊಂಡಿದ್ದರು. 2024ಕ್ಕೆ ಅದು ಶೇ 18ಕ್ಕೆ ಇಳಿದಿತ್ತು. ಇನ್ನೊಂದು ಗಮನಿಸಬೇಕು. ನಿಲುವಿನಲ್ಲಿ ಹೇಲಿ ಪಕ್ಕಾ ಸಂಪ್ರದಾಯವಾದಿಯೇ. ಅಂಥವರೇ ಮಧ್ಯಮವಾದಿಗಳ ಆಸರೆಯಾದರು ಅಂದರೆ ಸಾಲು ಎಷ್ಟು ಸರಿದಿದೆ ನೋಡಿ.

ಈ ಸರಿಯುವಿಕೆ ಇವತ್ತು ನಿನ್ನೆಯದಲ್ಲ. 1964ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪಕ್ಷದ ಸಮಾವೇಶ ನಡೆಯಿತು. ನ್ಯೂಯಾರ್ಕ್ ಗವರ್ನರ್ ನೆಲ್ಸನ್ ರಾಕ್‌ಫೆಲರ್ ಪಕ್ಷದೊಳಗಿನ ಅತಿರೇಕದ ನಿಲುವುಗಳ ವಿರುದ್ಧ ಮಾತಾಡಲು ಎದ್ದಾಗ ಸಭೆ ಕೂಗಾಡಿ ಅವರನ್ನು ತಡೆಯಿತು. ಅಭ್ಯರ್ಥಿಯಾದ ಬ್ಯಾರಿ ಗೋಲ್ಡ್‌ವಾಟರ್ ವರ್ಣಭೇದವನ್ನು ನಿಷೇಧಿಸಿದ ಅದೇ ವರ್ಷದ ನಾಗರಿಕ ಹಕ್ಕುಗಳ ಕಾಯ್ದೆಯ ವಿರುದ್ಧ ಮತ ಹಾಕಿದ್ದವರು. ಮುಂದಿನ ದಶಕಗಳಲ್ಲಿ ದಕ್ಷಿಣದ ಬಿಳಿಯ ಮತದಾರರು ನಿಧಾನವಾಗಿ ರಿಪಬ್ಲಿಕನ್ ಪಕ್ಷಕ್ಕೆ ಬಂದರು. ಈಶಾನ್ಯ ರಾಜ್ಯಗಳ ಮಧ್ಯಮವಾದಿಗಳು ಒಬ್ಬೊಬ್ಬರಾಗಿ ಹೊರಗೆ ಹೋದರು. ನನಗೆ ಬೇಸರ ತರುವುದು ಇದೇ. ಅವರನ್ನು ಯಾರೂ ಒಂದೇ ದಿನ ಹೊರಗೆ ಹಾಕಲಿಲ್ಲ. ಹೋದವರು ಸಾಮಾನ್ಯವಾಗಿ ಆ ಪಕ್ಷದ ಪ್ರೈಮರಿಯಲ್ಲಿ ಮತ ಹಾಕುವುದಿಲ್ಲ ಅಲ್ವಾ? ಹಾಗಾಗಿ ಒಬ್ಬರು ಹೋದಾಗಲೆಲ್ಲ ಉಳಿದವರ ದನಿ ಇನ್ನಷ್ಟು ಸಣ್ಣದಾಯಿತು.

ಈಶಾನ್ಯದ ವರ್ಮಾಂಟ್ ರಾಜ್ಯ ಇದಕ್ಕೆ ಒಳ್ಳೆಯ ಉದಾಹರಣೆ. 1856ರಿಂದ 1960ರವರೆಗೆ ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲೂ ಅದು ರಿಪಬ್ಲಿಕನ್ನರಿಗೇ ಮತ ಕೊಟ್ಟ ರಾಜ್ಯ. ಈಗ ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆ. ಅಲ್ಲಿ ಮತದಾರರು ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಳ್ಳುವ ಪದ್ಧತಿಯಿಲ್ಲ. ಯಾವ ಪ್ರೈಮರಿಯಲ್ಲಿ ಬೇಕಾದರೂ ಮತ ಹಾಕಬಹುದು. ಅಂದರೆ ಪಕ್ಷ ಬಿಟ್ಟು ಹೋದವರಿಗೂ ರಿಪಬ್ಲಿಕನ್ ಪ್ರೈಮರಿಗೆ ಬರಲು ಅಡ್ಡಿಯಿಲ್ಲ. 2024ರ ಮಾರ್ಚ್ 5ರಂದು ಹದಿನೈದು ರಾಜ್ಯಗಳಲ್ಲಿ ರಿಪಬ್ಲಿಕನ್ ಸ್ಪರ್ಧೆ ನಡೆದಾಗ ಹೇಲಿ ಗೆದ್ದದ್ದು ಆ ಒಂದು ರಾಜ್ಯವನ್ನು ಮಾತ್ರ. ಮರುದಿನ ಬೆಳಿಗ್ಗೆ ಅವರು ಕಣದಿಂದ ಹಿಂದೆ ಸರಿದರು.