ಆಟಿಕೆ ಬೋರ್ಡು, ಮಾಟದ ಬೋರ್ಡು: ‘ವಿಚ್‌ಬೋರ್ಡ್’ ರೀಮೇಕ್ ಬಗ್ಗೆ ಟಿಪ್ಪಣಿ

ರೀಮೇಕ್ ನೋಡುವಾಗ ನಾವೆಲ್ಲ ಕಥೆ ಎಲ್ಲೆಲ್ಲಿ ಬದಲಾಗಿದೆ ಅಂತ ಲೆಕ್ಕ ಹಾಕುತ್ತಾ ಕೂರುತ್ತೇವೆ. ‘ವಿಚ್‌ಬೋರ್ಡ್’ ಎಂಬ ಅಮೆರಿಕದ ಹಾರರ್ ಸಿನಿಮಾದ ವಿಷಯದಲ್ಲಿ ಅದನ್ನು ಪಕ್ಕಕ್ಕಿಡಿ. ಮೊದಲು ಬೋರ್ಡನ್ನೇ ನೋಡಿ. ಎರಡು ಸಿನಿಮಾಗಳ ವ್ಯತ್ಯಾಸ ಪೂರ್ತಿ ಇರುವುದು ಅಲ್ಲೇ.

ಮೂಲ ಸಿನಿಮಾ 1986ರದ್ದು. ಬರೆದು ನಿರ್ದೇಶಿಸಿದವರು ಕೆವಿನ್ ಟೆನ್ನಿ. ಅದರಲ್ಲಿರುವುದು ಮಾಮೂಲಿ ಓಯಿಜಾ ಬೋರ್ಡು, ಅಂದರೆ ಸತ್ತವರ ಆತ್ಮ ಉತ್ತರ ಕೊಡುತ್ತದೆ ಅಂತ ಆಡುವ, ಅಕ್ಷರ ಬರೆದ ಹಲಗೆ. ಬಾಲ್ಟಿಮೋರ್‌ನಲ್ಲಿ ಹುಟ್ಟಿ, 1891ರಲ್ಲಿ ಪೇಟೆಂಟ್ ಪಡೆದ ಸರಕು. 1966ರಲ್ಲಿ ಅದರ ಹಕ್ಕು ಪಾರ್ಕರ್ ಬ್ರದರ್ಸ್ ಎಂಬ ಆಟಿಕೆ ಕಂಪನಿಯ ಪಾಲಾಯಿತು. ಅಂದರೆ ಮೊನಾಪಲಿ ಮಾರುತ್ತಿದ್ದವರೇ ಇದನ್ನೂ ಮಾರಿದರು! ಹಾಗಾಗಿ ಅಮೆರಿಕದ ಪ್ರೇಕ್ಷಕರಿಗೆ ಅದು ಅಪರೂಪದ ವಸ್ತುವೇನಲ್ಲ, ಮನೆಯ ಕಪಾಟಿನಲ್ಲೇ ಬಿದ್ದಿರಬಹುದಾದ ಆಟ.

ಪಾರ್ಟಿಗೆ ಬಂದ ಬ್ರ್ಯಾಂಡನ್ ಈ ಬೋರ್ಡು ತರುತ್ತಾನೆ. ಡೇವಿಡ್ ಎಂಬ ಸತ್ತ ಹುಡುಗನ ಜೊತೆ ಮಾತಾಡಿಸುತ್ತಾನೆ. ಆಮೇಲೆ ಕಥೆಯ ನಾಯಕಿ ಲಿಂಡಾ ಒಬ್ಬಳೇ ಕೂತು ಬೋರ್ಡಿಗೆ ಕೈ ಹಚ್ಚುತ್ತಾಳೆ. ಒಬ್ಬರೇ ಆಡಬಾರದು ಅನ್ನುವುದೇ ಈ ಆಟದ ನಿಯಮ, ಅಲ್ವಾ? ಭಯ ಶುರುವಾಗುವುದು ಆ ನಿಯಮ ಮುರಿದಲ್ಲಿ. ಆತ್ಮ ಮೊದಲು ಸಹಾಯ ಮಾಡುತ್ತದೆ, ನಂಬಿಕೆ ಗಳಿಸುತ್ತದೆ, ಆಮೇಲೆ ಹಂತಹಂತವಾಗಿ ಬಲೆಗೆ ಕೆಡವುತ್ತದೆ.

ಈಗ ರೀಮೇಕ್. ನಿರ್ದೇಶಕ ಚಕ್ ರಸೆಲ್. 2024ರಲ್ಲಿ ಮಾಂಟ್ರಿಯಲ್‌ನ ಫ್ಯಾಂಟೇಷಿಯಾ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ, 2025ರ ಆಗಸ್ಟ್‌ನಲ್ಲಿ ಅಮೆರಿಕದ ಥಿಯೇಟರುಗಳಲ್ಲಿ ಬಿಡುಗಡೆ. ರಸೆಲ್‌ಗೆ ರೀಮೇಕ್ ಹೊಸದಲ್ಲ. 1958ರ ‘ದಿ ಬ್ಲಾಬ್’ ಚಿತ್ರವನ್ನು 1988ರಲ್ಲಿ ಮತ್ತೆ ಮಾಡಿದವರು ಅವರೇ. (2019ರ ಹಿಂದಿ ‘ಜಂಗ್ಲೀ’ ಕೂಡ ಅವರದ್ದೇ. ಆನೆಗಳಿಂದ ಮಾಟಗಾತಿಯವರೆಗೆ!) ಕಥೆ ನಡೆಯುವುದು ನ್ಯೂ ಆರ್ಲಿಯನ್ಸ್‌ನಲ್ಲಿ. ಹೋಟೆಲು ತೆರೆಯಲು ಹೊರಟ ಎಮಿಲಿ ಮತ್ತು ಕ್ರಿಶ್ಚಿಯನ್ ಜೋಡಿ. ಎಮಿಲಿಗೆ ಕಾಡಿನಲ್ಲಿ ಸಿಗುವುದು ಅಂಗಡಿಯ ಆಟಿಕೆಯಲ್ಲ, ಶತಮಾನಗಳ ಹಿಂದಿನ ಲೋಲಕದ ಬೋರ್ಡು, ಅಂದರೆ ದಾರಕ್ಕೆ ಕಟ್ಟಿದ ತೂಕ ತೂಗಾಡಿ ಉತ್ತರ ತೋರಿಸುವಂಥದ್ದು. ಅದರ ಹಿಂದೆ ಯುರೋಪಿನ ಮಾಟಗಾತಿ ಬೇಟೆಯ ಕಾಲದ ಶಾಪ.

ಲೋಲಕ ತಂದಿದ್ದು ಜಾಣತನ. ಮನೆಯಲ್ಲೇ ನೋಡಿ: ಒಂದಡಿ ದಾರಕ್ಕೆ ಉಂಗುರ ಕಟ್ಟಿ, ಮೊಣಕೈ ಮೇಜಿನ ಮೇಲೆ ಊರಿ ಹಿಡಿಯಿರಿ. ಕೈ ಅಲ್ಲಾಡಿಸಬೇಡಿ. ‘ಎಡಕ್ಕೆ, ಬಲಕ್ಕೆ’ ಅಂತ ಸುಮ್ನೆ ಮನಸ್ಸಿನಲ್ಲಿ ಅಂದುಕೊಳ್ಳಿ. ಸ್ವಲ್ಪ ಹೊತ್ತಿಗೆ ಉಂಗುರ ತೂಗತೊಡಗುತ್ತದೆ. ಫ್ರೆಂಚ್ ವಿಜ್ಞಾನಿ ಶೆವ್ರೆಲ್ ಇದರ ಬಗ್ಗೆ 1833ರಲ್ಲೇ ಬರೆದಿದ್ದರು. ತೂಗಿಸುವುದು ನಮ್ಮದೇ ಬೆರಳಿನ ಸಣ್ಣ ಚಲನೆ, ಆದರೆ ನಮಗದು ಗೊತ್ತಾಗುವುದಿಲ್ಲ. ಓಯಿಜಾ ಬೋರ್ಡಿನ ಮೇಲೆ ಪ್ಲ್ಯಾಂಚೆಟ್ (ಬೆರಳಿಟ್ಟು ಆಡುವ, ಅಕ್ಷರ ತೋರಿಸುವ ಪುಟ್ಟ ತುಂಡು) ಓಡುವುದೂ ಹೀಗೆಯೇ. ಬ್ರಿಟನ್ನಿನ ಶರೀರಶಾಸ್ತ್ರಜ್ಞ ಕಾರ್ಪೆಂಟರ್ 1852ರಲ್ಲಿ ಇಂಥ ಚಲನೆಗೆ ‘ಐಡಿಯೋಮೋಟರ್’ ಅಂತ ಹೆಸರಿಟ್ಟರು.

ಮೂಲದಲ್ಲಿ ಈ ಅನುಮಾನಕ್ಕೆ ಜಾಗವಿದೆ. ಪ್ಲ್ಯಾಂಚೆಟ್ ಮೇಲೆ ಇಬ್ಬರ ಬೆರಳು ಇದ್ದಾಗ ತಳ್ಳಿದ್ದು ಯಾರು? ಲಿಂಡಾಳ ಗೆಳೆಯ ಜಿಮ್‌ಗೂ ಬ್ರ್ಯಾಂಡನ್‌ಗೂ ಅವಳ ವಿಷಯಕ್ಕೇ ಮನಸ್ತಾಪ. ಅದಕ್ಕೇ ಆ ಪ್ರಶ್ನೆ ಇನ್ನಷ್ಟು ಚುಚ್ಚುತ್ತದೆ. ರೀಮೇಕ್‌ನಲ್ಲಿ ಲೋಲಕ ಒಬ್ಬರದೇ ಕೈಯಲ್ಲಿ. ಜೊತೆಗೆ ಹಳೆಯ ಕಾಲದ ದೃಶ್ಯಗಳು, ಮಾಟವಿದ್ಯೆ ಬಲ್ಲ ಖಳನಾಯಕ, ಒಂದರ ಹಿಂದೊಂದು ಅಪಘಾತಗಳು. ಹೋಟೆಲಿನ ಅಡುಗೆಮನೆಯ ದೃಶ್ಯವಂತೂ ಗಟ್ಟಿ ಹೊಟ್ಟೆಯವರಿಗೆ ಮಾತ್ರ. ನೋಡಲು ಜಾಸ್ತಿ ಸಿಗುತ್ತದೆ, ಅನುಮಾನ ಪಡಲು ಕಡಿಮೆ. ತಪ್ಪು ಆಡಿದವಳದ್ದಲ್ಲ, ವಸ್ತುವಿನದ್ದು ಎಂದಾದ ಮೇಲೆ ಎಮಿಲಿಯ ಹೊಣೆ ಹಗುರಾಗುತ್ತದೆ. ನನ್ನ ಓಟು ಇಲ್ಲಿ ಮೂಲಕ್ಕೇ.

ಈ ರೀಮೇಕ್ ಬಗ್ಗೆ ಪ್ರಾಜೆಕ್ಟ್ ಮಾಡುವವರು ಎರಡೂ ಸಿನಿಮಾಗಳಲ್ಲಿ ಬೋರ್ಡು ಮೊದಲ ಸಲ ಉತ್ತರ ಕೊಡುವ ದೃಶ್ಯವನ್ನು ಶಬ್ದ ಆಫ್ ಮಾಡಿ ನೋಡಿ. ಕ್ಯಾಮೆರಾ ಕೈಗಳ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ, ಮುಖದ ಮೇಲೆ ಎಷ್ಟು ಹೊತ್ತು, ಬರೆದುಕೊಳ್ಳಿ. ಪ್ರಬಂಧದ ಅರ್ಧ ಕೆಲಸ ಅಲ್ಲೇ ಆಗುತ್ತದೆ.