ಒಂದೇ ನೊಗಕ್ಕೆ ಕಟ್ಟಿದ ಪರದೆ ಮತ್ತು ಕಂಪ್ಯೂಟರ್

ಮಂಡ್ಯದಲ್ಲಿರುವ ನನ್ನ ಅಕ್ಕನ ಮಗಳು ಲಗ್ನಪತ್ರಿಕೆ ವಿನ್ಯಾಸ ಮಾಡುತ್ತಾಳೆ. ಕಳೆದ ಮಾಘದಲ್ಲಿ ಅವಳ ಕೈಯಿಂದ ಹೋದ ಒಂದು ಪತ್ರಿಕೆಯಲ್ಲಿ ‘ವಧು’ ಅನ್ನುವುದು ‘ವದು’ ಎಂದು ಅಚ್ಚಾಗಿತ್ತು. 500 ಪ್ರತಿ. ಆ ಮನೆಯವರು ಮೂಲೆಗೆ ಅರಿಸಿನ ಹಚ್ಚಲು ಕೂತಾಗಲೇ ಗೊತ್ತಾದದ್ದು. ಅವಳು ತನ್ನ ದುಡ್ಡಿನಲ್ಲೇ ಮತ್ತೆ ಅಚ್ಚು ಹಾಕಿಸಿಕೊಟ್ಟಳು. ಆಮೇಲೆ ನನಗೆ ಫೋನ್ ಮಾಡಿದಳು.

“ಮಾವ, ಕಣ್ಣು ತೋರಿಸ್ಕೊಂಡು ಬಂದೆ, ಏನೂ ತೊಂದ್ರೆ ಇಲ್ವಂತೆ. ನನ್ ಮಾನಿಟರೇ ಸರಿಯಿಲ್ಲ ಅನ್ಸುತ್ತೆ. ಆ ತೆಳ್ಳಗಿರೋ ಆಲ್-ಇನ್-ಒನ್ ಬರುತ್ತಲ್ಲ, ಅದನ್ನೇ ತಗೊಂಬಿಡ್ಲಾ? ಲಕ್ಷದ ಮೇಲಾಗುತ್ತೆ.”

ನಾನು ಮೈಸೂರಿನ ಅಗ್ರಹಾರದಲ್ಲಿ ಪುಸ್ತಕಗಳ ಪುಟ ಜೋಡಿಸುವ ಕೆಲಸ ಮಾಡುವವನು. ದಿನಕ್ಕೆ ಎಂಟು ಗಂಟೆ ಪರದೆಯ ಮುಂದೆಯೇ ಇರುತ್ತೇನೆ. ಇಂಥ, ಅಂದರೆ ಪರದೆಯ ಬೆನ್ನಲ್ಲೇ ಕಂಪ್ಯೂಟರೂ ಸೇರಿಕೊಂಡಿರುವ ಒಂದು ಯಂತ್ರವನ್ನು ಏಳು ವರ್ಷ ಬಳಸಿದ್ದೇನೆ. ಹಾಗಾಗಿ ತಗೋ ಅಥವಾ ಬೇಡ ಎಂದು ಒಂದೇ ಮಾತಲ್ಲಿ ಹೇಳಿಬಿಡಲು ಮನಸ್ಸು ಬರಲಿಲ್ಲ. ಮೊದಲು ಅವಳ ದೂರು ನಿಜವಾ ಅಂತ ಲೆಕ್ಕ ಹಾಕೋಣ ಅಂದೆ.

ಕಣ್ಣಿನ ಡಾಕ್ಟರ ಗೋಡೆಯ ಮೇಲೆ ಅಕ್ಷರಗಳ ಪಟ್ಟಿ ನೋಡಿರುತ್ತೀರಿ. ಆರು ಮೀಟರ್ ದೂರದಿಂದ 6/6 ಸಾಲನ್ನು ಓದಿದರೆ ದೃಷ್ಟಿ ಸರಿ ಇದೆ ಎಂದರ್ಥ. ಆ ಸಾಲಿನ ಅಕ್ಷರದ ಎತ್ತರ ಸುಮಾರು 8.7 ಮಿ.ಮೀ., ಅದರ ಒಂದೊಂದು ಗೆರೆಯ ದಪ್ಪ ಸುಮಾರು 1.75 ಮಿ.ಮೀ. ಅಂದರೆ ಸರಿಯಾದ ಕಣ್ಣು ಆರು ಮೀಟರ್ ದೂರದಲ್ಲಿ ಅಷ್ಟು ಸಣ್ಣದನ್ನು ಬೇರೆ ಬೇರೆಯಾಗಿ ಕಾಣಬಲ್ಲದು. ನಾವು ಕಂಪ್ಯೂಟರ್ ಮುಂದೆ ಕೂರುವುದು ಸುಮಾರು 60 ಸೆಂ.ಮೀ. ದೂರದಲ್ಲಿ, ಅದರ ಹತ್ತನೇ ಒಂದು ಭಾಗ. ಲೆಕ್ಕವೂ ಹತ್ತನೇ ಒಂದಕ್ಕೆ ಇಳಿಯುತ್ತದೆ: 0.175 ಮಿ.ಮೀ. ಪರದೆಯ ಚುಕ್ಕೆ, ಅಂದರೆ ಪಿಕ್ಸೆಲ್, ಇದಕ್ಕಿಂತ ದಪ್ಪ ಇದ್ದರೆ ಕಣ್ಣು ಅದನ್ನು ಹಿಡಿಯುತ್ತದೆ. ಸಣ್ಣದಿದ್ದರೆ ಹೆಚ್ಚಿನವರಿಗೆ ಚುಕ್ಕೆ ಮಾಯವಾಗಿ ಗೆರೆ ಮಾತ್ರ ಕಾಣುತ್ತದೆ.

ಅವಳ ಹತ್ತಿರ ಇದ್ದದ್ದು 24 ಇಂಚಿನ ಫುಲ್ ಎಚ್‌ಡಿ ಮಾನಿಟರ್. ಅದರಲ್ಲಿ ಇಂಚಿಗೆ 92 ಪಿಕ್ಸೆಲ್, ಒಂದೊಂದೂ 0.276 ಮಿ.ಮೀ. ಕಣ್ಣಿನ ಮಿತಿಗಿಂತ ಒಂದೂವರೆ ಪಟ್ಟು ದಪ್ಪ. ಅವಳು ಕೇಳಿದ ಆಲ್-ಇನ್-ಒನ್, ಅಂದರೆ ಆಪಲ್‌ನ 24 ಇಂಚಿನ ಐಮ್ಯಾಕ್‌ನಲ್ಲಿ ಇಂಚಿಗೆ 218 ಪಿಕ್ಸೆಲ್. ಒಂದು ಪಿಕ್ಸೆಲ್ 0.117 ಮಿ.ಮೀ.

ಈಗ ಕನ್ನಡಕ್ಕೆ ಬನ್ನಿ. ಲಗ್ನಪತ್ರಿಕೆಯ ಕೆಳಗಿನ ಸಾಲುಗಳು ಸಾಮಾನ್ಯವಾಗಿ 9 ಪಾಯಿಂಟ್ ಇರುತ್ತವೆ (ಒಂದು ಪಾಯಿಂಟ್ ಅಂದರೆ ಇಂಚಿನ 72ನೇ ಒಂದು ಭಾಗ). ಅಚ್ಚಿನ ಅಳತೆಯಲ್ಲೇ ನೋಡಿದರೆ ಅವಳ ಹಳೆಯ ಮಾನಿಟರಿನಲ್ಲಿ ಒಂದು ಸಾಲಿಗೆ ಸಿಗುವುದು ಹನ್ನೊಂದು-ಹನ್ನೆರಡು ಪಿಕ್ಸೆಲ್ ಎತ್ತರ ಅಷ್ಟೇ. ಅಷ್ಟರೊಳಗೆ ತಲೆಕಟ್ಟು ಬರಬೇಕು, ಅಕ್ಷರದ ಒಡಲು ಬರಬೇಕು, ಗುಣಿತ ಬರಬೇಕು, ಕೆಳಗೆ ಒತ್ತೂ ಕೂರಬೇಕು. ‘ದ’ದ ಕೆಳಗೆ ಒಂದು ಸಣ್ಣ ಸೀಳು ಬಿದ್ದರೆ ‘ಧ’. ಡ-ಢ, ಪ-ಫ, ಬ-ಭ ಎಲ್ಲವೂ ಹಾಗೇ. ಆ ಸೀಳಿಗೆ ಉಳಿಯುವುದು ಒಂದು ಪಿಕ್ಸೆಲ್, ಕೆಲವು ಸಲ ಅದೂ ಇಲ್ಲ. ಆಗ ಕಂಪ್ಯೂಟರ್ ಆ ಜಾಗಕ್ಕೆ ಸ್ವಲ್ಪ ಬೂದು ಬಣ್ಣ ತುಂಬಿ ಸರಿದೂಗಿಸುತ್ತದೆ. ನೋಡುವವರಿಗೆ ಅದು ದಕಾರವೂ ಹೌದು, ಧಕಾರವೂ ಹೌದು. ಮನಸ್ಸು ತನಗೆ ಬೇಕಾದ ಹಾಗೆ ಓದಿಕೊಂಡು ಮುಂದೆ ಹೋಗುತ್ತದೆ. ಅದೇ ಸಾಲಿಗೆ 218ರ ಪರದೆಯಲ್ಲಿ 27 ಪಿಕ್ಸೆಲ್ ಸಿಗುತ್ತವೆ. ಸೀಳು ಸೀಳಾಗಿಯೇ ಕಾಣುತ್ತದೆ.

ದೊಡ್ಡದು ಮಾಡಿ ನೋಡಬಹುದಲ್ವಾ ಅನ್ನಬಹುದು. ನೋಡಬಹುದು, ನಾವು ನೋಡುತ್ತೇವೆ ಕೂಡ. ಆದರೆ ಗಿರಾಕಿ ಪಕ್ಕದಲ್ಲೇ ಕೂತು ಅವಸರ ಮಾಡುತ್ತಿರುವಾಗ, ದಿನಕ್ಕೆ ಆರು ಪತ್ರಿಕೆ ಹೋಗಬೇಕಾದಾಗ, ಪ್ರತಿ ಸಾಲನ್ನೂ ಹಿಗ್ಗಿಸಿ ಓದಲು ಆಗುವುದಿಲ್ಲ. ಒಳ್ಳೆಯ ಪರದೆ ಇಂಗ್ಲಿಷಿನಲ್ಲಿ ಕೆಲಸ ಮಾಡುವವರಿಗಿಂತ ನಮಗೆ ಜಾಸ್ತಿ ಬೇಕು ಎಂದು ನಾನು ಬಹಳ ದಿನದಿಂದ ನಂಬಿದ್ದೇನೆ. ಅದು ಶೋಕಿಯಲ್ಲ.

ಹಾಗಾದರೆ ಕೊಂಡುಬಿಡಲಿ ಅನ್ನಿಸುತ್ತದೆ. ಬೆಲೆ ನೋಡಿದರೂ ಹಾಗೇ ಅನ್ನಿಸುತ್ತದೆ. 2024ರ ಕೊನೆಗೆ ಎಂ4 ಚಿಪ್ಪಿನ ಐಮ್ಯಾಕ್ ಬಂದಾಗ ಭಾರತದಲ್ಲಿ ಅದರ ಆರಂಭದ ಬೆಲೆ 1,34,900 ರೂಪಾಯಿ. ಅದೇ ಕಂಪನಿ 2022ರಲ್ಲಿ ತಂದ 27 ಇಂಚಿನ 5ಕೆ ಮಾನಿಟರ್, ಅಂದರೆ ಅಡ್ಡಕ್ಕೆ ಐದು ಸಾವಿರದ ಮೇಲೆ ಪಿಕ್ಸೆಲ್ ಇರುವ ಪರದೆ, ಒಂದಕ್ಕೇ 1,59,900. ಪರದೆಯ ಜೊತೆ ಕಂಪ್ಯೂಟರೂ ಇರುವ ಪೆಟ್ಟಿಗೆ, ಬರೀ ಪರದೆಗಿಂತ ಅಗ್ಗ! 2014ರಲ್ಲೂ ಹೀಗೇ ಆಗಿತ್ತು. ಆಗ ಮೊದಲ 5ಕೆ ಐಮ್ಯಾಕ್ 2,499 ಡಾಲರಿಗೆ ಬಂತು. ಡೆಲ್ ಕಂಪನಿ ತನ್ನ 5ಕೆ ಮಾನಿಟರಿಗೆ ಹೇಳಿದ್ದ ಬೆಲೆಯೂ ಹೆಚ್ಚೂಕಮ್ಮಿ ಅಷ್ಟೇ. ಹೀಗಾಗಿ ಲಕ್ಷದ ಮೇಲಿನ ಆಲ್-ಇನ್-ಒನ್‌ನಲ್ಲಿ ನಿಮ್ಮ ದುಡ್ಡಿನ ದೊಡ್ಡ ಪಾಲು ಹೋಗುವುದು ಪರದೆಗೆ. ಇದು ಮೋಸವಲ್ಲ, ಪರದೆ ನಿಜವಾಗಿಯೂ ಚೆನ್ನಾಗಿರುತ್ತದೆ.

ತೊಡಕು ಇರುವುದು ಆಯಸ್ಸಿನಲ್ಲಿ. ನಮ್ಮ ಮಂಡ್ಯದ ಕಡೆ ಹಳ್ಳಿಕಾರ್ ಎತ್ತು ಕೊಳ್ಳಲು ಹೋದವರು ಹಲ್ಲು ಹಿಡಿದು ವಯಸ್ಸು ನೋಡುತ್ತಾರೆ. ಒಂದು ಎತ್ತು ಪ್ರಾಯದ್ದು, ಇನ್ನೊಂದು ಮುದಿಯಾದರೆ ಒಂದೇ ನೊಗಕ್ಕೆ ಕಟ್ಟುವುದಿಲ್ಲ. ಆಲ್-ಇನ್-ಒನ್‌ನಲ್ಲಿ ಆಗಿರುವುದು ಅದೇ.

ಪರದೆ ನಿಧಾನವಾಗಿ ಮುದಿಯಾಗುತ್ತದೆ. ಅದರ ಹಿಂದೆ ಬೆಳಗುವ ಎಲ್‌ಇಡಿ ದೀಪಗಳು ಒಂದೇ ದಿನ ಕೆಡುವುದು ಕಡಿಮೆ, ವರ್ಷ ಕಳೆದಂತೆ ಮಂಕಾಗುತ್ತವೆ. ಬೆಳಕು ಅರ್ಧಕ್ಕೆ ಇಳಿಯಲು 30,000 ಗಂಟೆ ಬೇಕು ಎಂದಿಟ್ಟುಕೊಳ್ಳಿ. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 300 ದಿನ ಉರಿಸಿದರೂ ಹನ್ನೆರಡು ವರ್ಷ ದಾಟುತ್ತದೆ. ಕಂಪ್ಯೂಟರಿನ ಕಥೆ ಬೇರೆ. ಅದು ಕೆಟ್ಟುಹೋಗಬೇಕೆಂದೇ ಇಲ್ಲ, ಚೆನ್ನಾಗಿ ಓಡುತ್ತಿರುವಾಗಲೇ ತಂತ್ರಾಂಶ ಅದರ ಕೈ ಬಿಡುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್ ಚಿಪ್ಪುಗಳಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದೇ ಆಗಬೇಕು. 2016ರಲ್ಲಿ ಆಸೆಪಟ್ಟು ಕೊಂಡ ದುಬಾರಿ ಆಲ್-ಇನ್-ಒನ್‌ಗಳು ಅಲ್ಲಿಗೆ ಹೊರಗುಳಿದವು. ಅವುಗಳ ಪರದೆ ಮಾತ್ರ ಇನ್ನೂ ಗಟ್ಟಿ.

ಇದಕ್ಕೆ ದೊಡ್ಡ ಉದಾಹರಣೆ ಐಮ್ಯಾಕ್ ಪ್ರೊ. 2017ರ ಡಿಸೆಂಬರಿನಲ್ಲಿ 4,999 ಡಾಲರಿನಿಂದ ಶುರುವಾಗಿ ಮಾರಾಟಕ್ಕೆ ಬಂತು. ಸರ್ವರುಗಳಲ್ಲಿ ಬಳಸುವಂಥ ಕ್ಸಿಯಾನ್ ಚಿಪ್ಪು, 18 ಕೋರುಗಳವರೆಗೆ. 27 ಇಂಚಿನ 5ಕೆ ಪರದೆ. 2021ರಲ್ಲಿ ಮಾರಾಟ ನಿಂತಿತು. 2025ರಲ್ಲಿ ಬಂದ ಆಪಲ್‌ನ ಮೂಲ ತಂತ್ರಾಂಶ ಮ್ಯಾಕ್‌ಓಎಸ್ ಟಾಹೋ ಅದರ ಮೇಲೆ ಓಡುವುದಿಲ್ಲ. ಆ ಪರದೆಯ ಚುಕ್ಕೆಗಳು ಇವತ್ತಿನ ಹೊಸ ಐಮ್ಯಾಕ್‌ನ ಚುಕ್ಕೆಗಳಷ್ಟೇ ಸಣ್ಣ. ಆದರೂ ಇನ್ನೊಂದು ಕಂಪ್ಯೂಟರಿನ ವಿಡಿಯೊ ವೈರನ್ನು ನೇರ ಚುಚ್ಚಿ ಅದನ್ನು ಮಾಮೂಲಿ ಮಾನಿಟರ್ ಮಾಡಿಕೊಳ್ಳುವ ಸೌಲಭ್ಯ ಇಲ್ಲ.

ಯಾಕಿಲ್ಲ? ಮೊದಲು ಇತ್ತು. 2009ರ ಕೊನೆಯಿಂದ 2014ರ ಮಧ್ಯದವರೆಗಿನ ಹಲವು ಐಮ್ಯಾಕ್‌ಗಳನ್ನು ಮಾನಿಟರಿನಂತೆ ಬಳಸಬಹುದಿತ್ತು. 5ಕೆ ಬಂದಾಗ ಆ ಸೌಲಭ್ಯ ಹೋಯಿತು. 5120 ಅಡ್ಡ, 2880 ಉದ್ದ, ಒಟ್ಟು 1 ಕೋಟಿ 47 ಲಕ್ಷ ಪಿಕ್ಸೆಲ್. ಒಂದೊಂದರ ಬಣ್ಣ ಹೇಳಲು 24 ಬಿಟ್, ಸೆಕೆಂಡಿಗೆ 60 ಸಲ. ಗುಣಿಸಿದರೆ ಸೆಕೆಂಡಿಗೆ 2,100 ಕೋಟಿ ಬಿಟ್ ದಾಟುತ್ತದೆ. ಆ ಕಾಲದ ಡಿಸ್‌ಪ್ಲೇಪೋರ್ಟ್ 1.2 ಕೇಬಲ್ ಸಾಗಿಸಬಲ್ಲದ್ದು 1,728 ಕೋಟಿ. ಪೆಟ್ಟಿಗೆಯ ಒಳಗೆ ಬೇಕಾದ ಹಾಗೆ ತಂತಿ ಎಳೆದುಕೊಳ್ಳಬಹುದು, ಹೊರಗಿನಿಂದ ಒಂದು ಕೇಬಲಿನಲ್ಲಿ ತರಲು ಆಗುತ್ತಿರಲಿಲ್ಲ. ಕೇಬಲುಗಳು ಆಮೇಲೆ ಸುಧಾರಿಸಿದವು. ಸೌಲಭ್ಯ ಮಾತ್ರ ವಾಪಸ್ ಬರಲಿಲ್ಲ. ಇದು ನನಗೆ ಇವತ್ತಿಗೂ ಬೇಸರದ ಸಂಗತಿ. ವಿಂಡೋಸಿನ ಕೆಲವು ಆಲ್-ಇನ್-ಒನ್‌ಗಳ ಹಿಂದೆ ‘ಎಚ್‌ಡಿಎಂಐ ಇನ್’ ಎಂದು ಬರೆದ ಕಿಂಡಿ ಇರುತ್ತದೆ. ಅಂಥದ್ದರಲ್ಲಿ ಒಳಗಿನ ಕಂಪ್ಯೂಟರ್ ಹಳತಾದರೂ ಪರದೆ ಬದುಕುತ್ತದೆ. ಕೊಳ್ಳುವವರು ಅಂಗಡಿಯಲ್ಲಿ ಯಂತ್ರದ ಬೆನ್ನು ತಿರುಗಿಸಿ ಈ ಒಂದು ಕಿಂಡಿಯನ್ನು ತಪ್ಪದೆ ಹುಡುಕಬೇಕು.

ನಾನು 2016ರಲ್ಲಿ ಕೊಂಡಿದ್ದರಲ್ಲಿ ಅದು ಇರಲಿಲ್ಲ. 2023ರಲ್ಲಿ ಒಂದು ಬೆಳಿಗ್ಗೆ ಬಟನ್ ಒತ್ತಿದರೆ ಬೆಳಕೇ ಬರಲಿಲ್ಲ. ರಿಪೇರಿಯ ಹುಡುಗ ಅದನ್ನು ದಪ್ಪ ಟವಲಿನ ಮೇಲೆ ಮಲಗಿಸಿದ. ಗಾಜನ್ನು ಅಂಟಿನ ಪಟ್ಟಿಯಿಂದ ಕೂರಿಸಿದ್ದರು, ಒಂದು ಸ್ಕ್ರೂ ಕೂಡ ಇರಲಿಲ್ಲ. ಕೂದಲು ಒಣಗಿಸುವ ಯಂತ್ರದಿಂದ ಅಂಚಿಗೆ ಬಿಸಿಗಾಳಿ ಹಿಡಿದು, ಅಂಟು ಮೆತ್ತಗಾದ ಮೇಲೆ ತೆಳುವಾದ ಪ್ಲಾಸ್ಟಿಕ್ ಚಕ್ರವನ್ನು ಸಂದಿಯಲ್ಲಿ ಉರುಳಿಸಿದ. ಎರಡು ರಬ್ಬರ್ ಬಟ್ಟಲು ಅಂಟಿಸಿ ಗಾಜನ್ನು ಎತ್ತಿದಾಗ ನಾನು ಉಸಿರು ಬಿಗಿ ಹಿಡಿದಿದ್ದೆ. ಒಳಗೆ ಫ್ಯಾನಿನ ಬಾಯಿಗೆ ಏಳು ವರ್ಷದ ದೂಳು ಕಂಬಳಿಯ ಹಾಗೆ ಕೂತಿತ್ತು. ಬೋರ್ಡು ಹೋಗಿತ್ತು, ಹೊಸ ಬೋರ್ಡು ಎಲ್ಲೂ ಸಿಗಲಿಲ್ಲ. ಆ ಪರದೆಯನ್ನು ಬೇರೆಯಾಗಿ ನಡೆಸುವ ಕಂಟ್ರೋಲರ್ ಬೋರ್ಡೂ ಹೊಂದಲಿಲ್ಲ. ಒಂದೇ ಒಂದು ಗೀರಿಲ್ಲದ ಪರದೆ ಈಗ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬೀರುವಿನ ಹಿಂದೆ ನಿಂತಿದೆ. ಎಸೆಯಲು ಮನಸ್ಸಾಗಿಲ್ಲ.

ಬಿಸಿಯ ಬಗ್ಗೆಯೂ ಒಂದು ಮಾತು. ಕಂಪ್ಯೂಟರ್ ಹೀರುವ ವಿದ್ಯುತ್ತು ಹೆಚ್ಚೂಕಮ್ಮಿ ಪೂರ್ತಿ ಶಾಖವಾಗಿ ಹೊರಗೆ ಬರಬೇಕು. ತೆಳ್ಳಗಿನ ಮೈಯಲ್ಲಿ ಗಾಳಿಗೆ ಜಾಗ ಕಡಿಮೆ. ಶಾಖ ಏರಿದಾಗ ಚಿಪ್ಪು ತಾನೇ ವೇಗ ಇಳಿಸಿಕೊಳ್ಳುತ್ತದೆ, ಹಾಲು ಉಕ್ಕುವಾಗ ನಾವು ಉರಿ ಸಣ್ಣ ಮಾಡುವ ಹಾಗೆ. ಅದಕ್ಕೇ ಹೆಚ್ಚಿನ ಆಲ್-ಇನ್-ಒನ್‌ಗಳಲ್ಲಿ ಲ್ಯಾಪ್‌ಟಾಪಿನ ಜಾತಿಯ ಚಿಪ್ಪು ಹಾಕುತ್ತಾರೆ. ಇದನ್ನು ಕೇಳಿ ಹೆದರಬೇಕಿಲ್ಲ. ಚಿಪ್ಪಿನ ಖರ್ಚು ಅದರ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ತಕ್ಕಂತೆ ಏರುತ್ತದೆ. ಎರಡನ್ನೂ ನೂರಕ್ಕೆ ಇಪ್ಪತ್ತರಷ್ಟು ಇಳಿಸಿದರೆ 0.8ನ್ನು ಮೂರು ಸಲ ಗುಣಿಸಿದಂತೆ, ಖರ್ಚು ಸುಮಾರು ಅರ್ಧಕ್ಕೆ ಬರುತ್ತದೆ. ಐದರಲ್ಲಿ ಒಂದು ಪಾಲು ವೇಗ ಬಿಟ್ಟುಕೊಟ್ಟು ಅರ್ಧ ಬಿಸಿ ಉಳಿಸುವುದು ಒಳ್ಳೆಯ ವ್ಯಾಪಾರವೇ. ಪತ್ರಿಕೆ ವಿನ್ಯಾಸ, ಲೆಕ್ಕಪತ್ರ, ಪುಸ್ತಕ ಜೋಡಣೆ ಇಂಥದ್ದಕ್ಕೆ ಅಷ್ಟು ಸಾಕು. ದಿನವಿಡೀ ಮದುವೆ ವಿಡಿಯೊ ಎಡಿಟ್ ಮಾಡುವವರಿಗೆ ಸಾಲದು.

ಮೆಮೊರಿ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಈಗಿನ ಐಮ್ಯಾಕ್‌ನಲ್ಲಿ ಅದು ಚಿಪ್ಪಿನ ಜೊತೆಗೇ ಕೂತಿದೆ, ಆಮೇಲೆ ಸೇರಿಸಲು ಆಗದು. ಕೊಳ್ಳುವ ದಿನ ಎಷ್ಟೋ ಕೊನೆಯವರೆಗೂ ಅಷ್ಟೇ.

ಕನ್ನಡದವರು ಇನ್ನೊಂದನ್ನು ನೋಡಲೇಬೇಕು. ನಮ್ಮ ಅಚ್ಚಿನ ಲೋಕದ ಹಳೆಯ ಫೈಲುಗಳು ಯುನಿಕೋಡ್‌ಗೂ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತಕ್ಕೂ, ಮುಂಚಿನ ಫಾಂಟುಗಳಲ್ಲಿವೆ. ಕನ್ನಡ ಟೈಪು ಮಾಡುವ ‘ನುಡಿ’ಯಂಥ ತಂತ್ರಾಂಶ ಬೆಳೆದದ್ದು ವಿಂಡೋಸಿನ ಮೇಲೆ. ಇಂಟೆಲ್ ಚಿಪ್ಪಿನ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಬಳಸಿ ವಿಂಡೋಸ್ ಹಾಕಿಕೊಳ್ಳಬಹುದಿತ್ತು. ಆಪಲ್ ತನ್ನದೇ ಚಿಪ್ಪಿಗೆ ಬದಲಾದ ಮೇಲೆ ಆ ದಾರಿ ಮುಚ್ಚಿದೆ. ಹತ್ತು ವರ್ಷದ ಫೈಲು ಇಟ್ಟುಕೊಂಡಿರುವ ಅವಳಂಥವರಿಗೆ ಇದು ಸಣ್ಣ ತೊಂದರೆಯಲ್ಲ. ಹಾಗೇ, ಆಲ್-ಇನ್-ಒನ್ ನೋಡಲು ಲ್ಯಾಪ್‌ಟಾಪಿನ ಅಣ್ಣನಂತಿದ್ದರೂ ಅದರಲ್ಲಿ ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ. ಕರೆಂಟು ಹೋದ ಕ್ಷಣವೇ ಕೆಲಸವೂ ಹೋಯಿತು. ಯುಪಿಎಸ್ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಹಾಗಂತ ಯಾರಿಗೂ ಬೇಡ ಎನ್ನಲಾರೆ. ಕುವೆಂಪುನಗರದಲ್ಲಿ ನಿವೃತ್ತರಾದ ಮೇಷ್ಟ್ರೊಬ್ಬರಿಗೆ ನಾನೇ ಕೊಡಿಸಿದ್ದೇನೆ. ಅವರ ಮೇಜು ಸಣ್ಣದು, ವೈರುಗಳ ಗೋಜಲು ಕಂಡರೆ ಅವರಿಗೆ ಆಗದು. ಒಂದೇ ವೈರು ಚುಚ್ಚಿ ಕೂತರೆ ಮಗಳ ಜೊತೆ ವಿಡಿಯೊ ಮಾತು, ಸ್ಪೀಕರಿನಲ್ಲಿ ಒಳ್ಳೆಯ ಸಂಗೀತ, ದಪ್ಪ ಅಕ್ಷರದಲ್ಲಿ ಓದು. ಎಂಟು ವರ್ಷ ನಡೆದರೆ ಅವರಿಗೆ ಸಾಕು. ಎತ್ತರ ಮಾತ್ರ ಹೊಂದಿಸಲು ಆಗುವುದಿಲ್ಲ, ಪರದೆ ಹಿಂದೆ ಮುಂದೆ ವಾಲುತ್ತದೆ ಅಷ್ಟೇ. 2002ರ ಐಮ್ಯಾಕ್‌ಗೆ ಬೇಕಾದ ಕಡೆ ತಿರುಗುವ ಕತ್ತಿತ್ತು. ಮೇಷ್ಟ್ರು ಈಗಿನದರ ಅಡಿಗೆ ಎರಡು ದಪ್ಪ ನಿಘಂಟು ಕೊಟ್ಟಿದ್ದಾರೆ.

ಅಕ್ಕನ ಮಗಳು ಒಂದು ಭಾನುವಾರ ರೈಲು ಹತ್ತಿ ಮೈಸೂರಿಗೆ ಬಂದಳು. ಚೀಲದಲ್ಲಿ ಟೈಲರ್ ಟೇಪು ತಂದಿದ್ದಳು. ದೇವರಾಜ ಅರಸು ರಸ್ತೆಯ ಒಂದು ಅಂಗಡಿಯಲ್ಲಿ ಸಾಲಾಗಿಟ್ಟಿದ್ದ ಪರದೆಗಳ ಮುಂದೆ 60 ಸೆಂ.ಮೀ. ಅಳೆದು ನಿಂತು, ಎಲ್ಲದರಲ್ಲೂ 9 ಪಾಯಿಂಟಿನಲ್ಲಿ ‘ವಧು’ ಎಂದು ಬರೆಸಿ ನೋಡಿದಳು. ಆಲ್-ಇನ್-ಒನ್‌ನಲ್ಲಿ ಅಚ್ಚುಕಟ್ಟಾಗಿ ಕಂಡಿತು. ಪಕ್ಕದ 27 ಇಂಚಿನ 4ಕೆ ಮಾನಿಟರಿನಲ್ಲೂ ಸ್ಪಷ್ಟವಾಗಿಯೇ ಕಂಡಿತು. ಅದರಲ್ಲಿ ಇಂಚಿಗೆ 163 ಪಿಕ್ಸೆಲ್, ಒಂದೊಂದೂ 0.156 ಮಿ.ಮೀ. ಕಣ್ಣಿನ ಮಿತಿಯೊಳಗೇ ಇದೆ.

“ಮಾವ, ನನ್ ಸಿಪಿಯು ಡಬ್ಬ ಚೆನ್ನಾಗೇ ಇದೆಯಲ್ಲ” ಅಂದಳು.

ಇತ್ತು. ಐದು ವರ್ಷದ್ದು, ವಿಂಡೋಸ್ 11 ಓಡುತ್ತದೆ. ಹಿಂದೆ ಡಿಸ್‌ಪ್ಲೇಪೋರ್ಟ್ ಕಿಂಡಿಯೂ ಇದೆ. ಅದು ಬೇಕು, ಯಾಕೆಂದರೆ ಹಳೆಯ ಎಚ್‌ಡಿಎಂಐ 1.4 ಆದರೆ 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸುತ್ತದೆ, ಮೌಸ್ ಎಳೆದರೆ ತಡೆದು ತಡೆದು ಬರುತ್ತದೆ. ಮಾನಿಟರ್ ಒಂದನ್ನೇ ಕೊಂಡಳು. ಮೂವತ್ತು ಸಾವಿರದೊಳಗೆ ಮುಗಿಯಿತು. ಅಂದು ರಾತ್ರಿ ಹತ್ತು ಗಂಟೆಗೆ ಮಂಡ್ಯದಿಂದ ಫೋನ್ ಬಂತು. ಎರಡು ವರ್ಷದಿಂದ ಎಲ್ಲ ಪತ್ರಿಕೆಗೂ ಬಳಸುತ್ತಿದ್ದ ಮಾದರಿ ಫೈಲನ್ನು ತೆರೆದು ಕೂತಿದ್ದಳಂತೆ. ಅದರ ನಾಲ್ಕನೇ ಸಾಲಿನಲ್ಲಿ ‘ದಾರೆ ಮುಹೂರ್ತ’ ಎಂದಿತ್ತು.